ಷರಾ

ರಾತ್ರಿ ಪಾಳಿಯಲ್ಲಿ ತಾಸಿಗೊಮ್ಮೆ ಎದ್ದು ಪ್ಯಾನೆಲ್ ಮುಂದೆ ನಿಲ್ಲಬೇಕು. ಒಳಬರುವ ಲೈನಿನ ವೋಲ್ಟೇಜ್, ಊರುಗಳ ಕಡೆ ಹೊರಡುವ ಲೈನು ಅಂದರೆ ಒಂದೊಂದು ಫೀಡರಿನ ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಷ್ಟು ಬಿಸಿ, ಬ್ಯಾಟರಿ ಹೇಗಿದೆ, ಎಲ್ಲವನ್ನೂ ಲಾಗ್‌ಶೀಟಿನ ಮನೆಗಳಲ್ಲಿ ತುಂಬಬೇಕು. ತುಂಬಿ ಕೂತರೆ ಮುಂದಿನ ತಾಸಿನ ತನಕ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದೊಂದೇ ಜೊತೆ. ಬಸವನ ಬಾಗೇವಾಡಿ ಕಡೆಯ ಎರೆಹೊಲಗಳ ನಡುವಿನ ಒಂದು ಸಬ್‌ಸ್ಟೇಷನ್ನಿನಲ್ಲಿ ನಾನು ಎಷ್ಟೋ ವರ್ಷ ಹೀಗೆ ರಾತ್ರಿ ಕಳೆದಿದ್ದೇನೆ. ಕಿಟಕಿಯಾಚೆ ಜೋಳದ ಹೊಲ, ಅದರಾಚೆ ಗಾಳಿಯಂತ್ರಗಳ ನೆತ್ತಿಯ ಕೆಂಪು ದೀಪ, ಅದರಾಚೆ ಆಕಾಶ. ಹನ್ನೆರಡರ ಮೇಲೆ ಫೋನೂ ಸುಮ್ಮನಾಗುತ್ತದೆ. ಅಲ್ಲಿಯತನಕ ಪಂಪ್‌ಸೆಟ್ಟಿನ ರೈತರು ಹತ್ತು ಮಂದಿಯಾದರೂ ಕೇಳಿರುತ್ತಾರೆ: "ಸರ್, ತ್ರೀಫೇಸ್ ಎಷ್ಟಕ್ಕ ಬಿಡ್ತೀರಿ?"

ಲಾಗ್‌ಶೀಟಿನ ಕೊನೆಯ ಕಾಲಮ್ಮಿಗೆ ಷರಾ ಎಂದು ಹೆಸರು. ಅಂಕಿಗಳಲ್ಲಿ ಹೇಳಲಾಗದ್ದನ್ನು ಬರೆಯಲು ಬಿಟ್ಟ ಜಾಗ. ಫೀಡರ್ ಟ್ರಿಪ್ ಆದರೆ, ಗಾಳಿಗೆ ತಂತಿ ಹರಿದರೆ, ಯಾರ್ಡಿನಲ್ಲಿ ಹಾವು ಕಂಡರೆ ಅಲ್ಲಿ ಬರೆಯುತ್ತೇವೆ. ಉಳಿದ ರಾತ್ರಿಗಳಿಗೆಲ್ಲ "ವಿಶೇಷವಿಲ್ಲ". ಈಗ ಮೂರು ವರ್ಷದಿಂದ ನಾನೊಂದು ಕತೆ ಬರೆಯುತ್ತಿದ್ದೇನೆ. ಅದು ಹುಟ್ಟಿದ್ದು ಈ ಕಾಲಮ್ಮಿನಲ್ಲೇ, ಆದರೆ ನಡೆಯುವುದು ಬೇರೆ ನಕ್ಷತ್ರಗಳ ಸುತ್ತ. ಒಬ್ಬಳೇ ಪೈಲಟ್, ಒಂದು ನೌಕೆ, ಒಂದು ದಫ್ತರ. ಹೋದ ಹೋದಲ್ಲಿ ಸಿಗುವ ಜೀವಿಗಳನ್ನು ನೋಡಿ ಪಟ್ಟಿ ಮಾಡುವುದು ಆಕೆಯ ಕೆಲಸ. ಆಕೆಗೆ ನಾನಿನ್ನೂ ಹೆಸರಿಟ್ಟಿಲ್ಲ. ಕರೆಯುವವರೇ ಇಲ್ಲದ ಕಡೆ ಹೆಸರು ಯಾತಕ್ಕೆ ಬೇಕಾದೀತು ಎಂಬ ಪ್ರಶ್ನೆ ಬರೆಯುವಾಗೆಲ್ಲ ಎದುರಿಗೆ ಬಂದು ನಿಲ್ಲುತ್ತದೆ.

ಪಟ್ಟಿ ಮಾಡುವ ಗೀಳು ನನಗೆ ಹತ್ತಿದ್ದು ಯಾರ್ಡಿನ ದೀಪದ ಕೆಳಗೆ. ಆಗ ಮರ್ಕ್ಯುರಿ ದೀಪಗಳಿದ್ದವು, ನೀಲಿ ಬೆರೆತ ಬಿಳಿ ಬೆಳಕು. ಮೊದಲ ಮಳೆ ಬಿದ್ದ ರಾತ್ರಿ ಗೆದ್ದಲಿನ ರೆಕ್ಕೆಹುಳಗಳು ಬುಟ್ಟಿಗಟ್ಟಲೆ ಸುರಿಯುತ್ತಿದ್ದವು. ಬೆಳಗಾದರೆ ಕಾಲಿಟ್ಟಲ್ಲೆಲ್ಲ ಬರೀ ರೆಕ್ಕೆ. ಅವುಗಳ ಹಿಂದೆ ಸಗಣಿಹುಳ, ಮಿಡತೆ, ಮುಂಗಾಲು ಮುಗಿದು ನಿಂತ ಹಸಿರು ಹುಳ, ಒಣಗಿದ ಎಲೆಯೇ ಎದ್ದು ಬಂತೇನೋ ಎನ್ನುವಂಥ ಪತಂಗಗಳು. ಅವುಗಳ ಹಿಂದೆ ಹಲ್ಲಿ, ಕಪ್ಪೆ. ಹಳೆಯ ರಿಜಿಸ್ಟರೊಂದರ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದೆ. ದಿನಾಂಕ, ತಾಸು, ಬಣ್ಣ, ಕಾಲು ಎಷ್ಟು, ರೆಕ್ಕೆ ಎಷ್ಟು, ಉದ್ದ ಎಷ್ಟು. ಫೀಡರಿನ ರೀಡಿಂಗ್ ಬರೆದ ಹಾಗೆಯೇ.

ಹುಳಗಳು ದೀಪಕ್ಕೆ ಯಾಕೆ ಬರುತ್ತವೆ ಎಂಬುದಕ್ಕೆ ಮನಸ್ಸೊಪ್ಪುವ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೇಗದ ಕ್ಯಾಮೆರಾಗಳಲ್ಲಿ ಹಿಡಿದ ಹಾರಾಟಗಳನ್ನು ನೋಡಿ ವಿಜ್ಞಾನಿಗಳು ಹೇಳಿದ್ದಿದು: ಹುಳಗಳಿಗೆ ದೀಪದ ಆಸೆ ಏನೂ ಇಲ್ಲ, ಅವು ಬೆಳಕಿಗೆ ಬೆನ್ನು ತಿರುಗಿಸುತ್ತವೆ. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶ ಒಂಚೂರು ಬೆಳಗಿರುತ್ತದೆ. ಬೆನ್ನು ಬೆಳಕಿನ ಕಡೆಗಿದ್ದರೆ ಹೊಟ್ಟೆ ನೆಲದ ಕಡೆಗೆ, ಹಾರಾಟ ನೆಟ್ಟಗೆ. ಕೋಟ್ಯಂತರ ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ನಾವು ಕಂಬಕ್ಕೊಂದು ದೀಪ ಕಟ್ಟಿದೆವು, ಅವುಗಳಿಗೆ ಮೇಲು ಯಾವುದು ಕೆಳಗು ಯಾವುದು ತಿಳಿಯದಾಯಿತು. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಷ್ಟು ವರ್ಷ ನಾನು ಪಟ್ಟಿ ಮಾಡಿದ್ದು ದಾರಿ ತಪ್ಪಿದವರನ್ನು.

ಬೆಳಿಗ್ಗೆ 8ಕ್ಕೆ ನನ್ನನ್ನು ಬಿಡಿಸಲು ಬರುತ್ತಿದ್ದವರು ಒಬ್ಬ ಹಿರಿಯ ಆಪರೇಟರ್. ನಮ್ಮೆಲ್ಲರಿಗೂ ಅವರು ಕಾಕಾ. ಅವರು ಲಾಗ್‌ಶೀಟ್ ಓದಿ, ಯಾರ್ಡಿಗೊಂದು ಸುತ್ತು ಹಾಕಿ, ಬಂದು ಸಹಿ ಮಾಡಿದ ಮೇಲೆಯೇ ನನ್ನ ರಾತ್ರಿ ಮುಗಿಯುತ್ತಿತ್ತು. ಸಹಿ ಬೀಳುವ ತನಕ ನಾನು ಬರೆದದ್ದು ನನ್ನ ಮಾತು. ಬಿದ್ದ ಮೇಲೆ ಅದು ಸ್ಟೇಷನ್ನಿನ ಮಾತು. ಒಂದು ದಿನ ಹಿಂದಿನ ಹಾಳೆಗಳು ಅವರ ಕಣ್ಣಿಗೆ ಬಿದ್ದವು. ನಿಂತೇ ಓದಿದರು.

"ಕಾಲ ಎಣಿಸೀರಿ, ರೆಕ್ಕಿ ಎಣಿಸೀರಿ. ಏನ್ ತಿಂತೈತಿ ಅಂತ ಬರದಿಲ್ಲಲ್ರಿ?"

"ಗೊತ್ತಿಲ್ರಿ ಕಾಕಾ."

"ಮತ್ತ ಇದನ್ನ ಯಾವುದು ತಿಂತೈತಿ? ಅದೂ ಬೇಕಲ್ಲ."

ಮರುದಿನದಿಂದ ಆ ಹಾಳೆಗಳಿಗೂ ಷರಾ ಕಾಲಮ್ ಬಂತು. ಅದರಲ್ಲಿ ಅರ್ಧ ಅವರ ಅಕ್ಷರ. ಮಳೆ ಶುರುವಾದಾಗ ನೆಲದಿಂದ ಏಳುವ, ಮಖಮಲ್ಲಿನಂಥ ಕೆಂಪು ಹುಳದ ಬಗ್ಗೆ ನಾನು ಬರೆದದ್ದು: ಎಂಟು ಕಾಲು, ಕಡುಗೆಂಪು, ಮೈಮೇಲೆ ದಟ್ಟ ಕೂದಲು, ಮುಟ್ಟಿದರೆ ಕಾಲು ಮಡಚುತ್ತದೆ. ಅದರ ಮುಂದೆ ಕಾಕಾ ಬರೆದದ್ದು: "ಮಿರಗದ ಹುಳ. ಮಿರಗ ಕೂಡಿದ ಮ್ಯಾಲ ನಾಕೈದು ದಿನ ಕಾಣತೈತಿ. ಹಕ್ಕಿ ಮುಟ್ಟೂದಿಲ್ಲ." ಮಿರಗ ಎಂದರೆ ಮೃಗಶಿರಾ ಮಳೆ, ನಮ್ಮಲ್ಲಿ ಬಿತ್ತನೆಯ ಹೊತ್ತು. ನನ್ನ ನಾಲ್ಕು ಅಳತೆಗಳಲ್ಲಿ ಒಂದು ಹುಳ ಇತ್ತು. ಅವರ ಒಂದು ಸಾಲಿನಲ್ಲಿ ಅದರ ಕಾಲ, ಕಾಣುವ ದಿನ, ಶತ್ರು, ನಮ್ಮ ಬಿತ್ತನೆ ಎಲ್ಲ ಇದ್ದವು.

ಕತೆಯಲ್ಲಿ ಒಬ್ಬಳನ್ನೇ ಕಳಿಸಬೇಕು ಎಂದು ತೀರ್ಮಾನಿಸಿದಾಗ ಮೊದಲು ನೆನಪಾದವರು ಮೈಕೆಲ್ ಕಾಲಿನ್ಸ್. 1969ರ ಜುಲೈನಲ್ಲಿ ಇಬ್ಬರು ಸಂಗಾತಿಗಳು ಚಂದ್ರನ ಮೇಲಿಳಿದಾಗ ಮೇಲೆ ಸುತ್ತುತ್ತ ಉಳಿದವರು. ಚಂದ್ರನ ಮರೆಗೆ ಹೋದಾಗೆಲ್ಲ ಸುಮಾರು 48 ನಿಮಿಷ ಭೂಮಿಯ ರೇಡಿಯೊ ಕಡಿದುಹೋಗುತ್ತಿತ್ತು. ತನಗೆ ಆಗ ಒಂಟಿತನ ಕಾಡಲಿಲ್ಲ ಎಂದೇ ಅವರು ಮುಂದೆ ಬರೆದರು. ನಾನು ಅದನ್ನು ನಂಬುತ್ತೇನೆ. ಕೈಯಲ್ಲಿ ಕೆಲಸವಿದ್ದು, ಇಷ್ಟು ಹೊತ್ತಿಗೆ ದನಿ ಮರಳಿ ಬರುತ್ತದೆ ಎಂದು ಗೊತ್ತಿದ್ದರೆ ಒಬ್ಬರೇ ಇರುವುದು ಕಷ್ಟವಲ್ಲ, ಕೆಲವು ರಾತ್ರಿ ಸುಖವೂ ಹೌದು. ಆ ನೌಕೆಯ ಒಳಗೋಡೆಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ ಮಾಡಿದ ಒಂದು ಸಣ್ಣ ಕ್ಯಾಲೆಂಡರ್ ಇದೆ. ಮುಗಿದ ದಿನಗಳನ್ನು ಒಂದೊಂದಾಗಿ ಕಾಟು ಹಾಕಿದ್ದಾರೆ. 2016ರಲ್ಲಿ ಮ್ಯೂಸಿಯಂನವರು ನೌಕೆಯ ಒಳಭಾಗವನ್ನು ಸ್ಕ್ಯಾನ್ ಮಾಡುವಾಗ ಅದು ಎಲ್ಲರ ಗಮನಕ್ಕೆ ಬಂತು. ಭೂಮಿಯ ಅಷ್ಟು ದೊಡ್ಡ ಕಂಪ್ಯೂಟರುಗಳೆಲ್ಲ ದಿನ ಎಣಿಸುತ್ತಿದ್ದಾಗಲೂ ಒಳಗಿದ್ದವರಿಗೆ ತಮ್ಮ ಕೈಯಿಂದ ಒಂದು ಗೆರೆ ಎಳೆಯಬೇಕು ಅನಿಸಿತ್ತು.

ನನ್ನ ಪೈಲಟ್‌ಳ ಸಂಕಟ ಬೇರೆ ಅಳತೆಯದು. ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರ. ನಾಸಾದ ವಾಯೇಜರ್ 1 ಎಂಬ ಜನವಿಲ್ಲದ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70,000 ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ನೌಕೆಗೆ ವೇಗವನ್ನು ನಾನು ಕತೆಗಾರನ ಹಕ್ಕಿನಿಂದ ಕೊಟ್ಟೆ. ಆದರೆ ಮಾತಿಗೆ ವೇಗ ಕೊಡಲಿಲ್ಲ. ಆಕೆ ಕಳಿಸುವ ಸಂದೇಶ ಬೆಳಕಿನ ವೇಗದಲ್ಲೇ ಹೋಗಬೇಕು. ದೂರದ ನಕ್ಷತ್ರಗಳಿಂದ ಆಕೆ ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಮಗಳ ವಯಸ್ಸಿನ ಆಕೆ ಅಜ್ಜಿಯಾಗಿರುತ್ತಾಳೆ. ಅಲ್ಲಿ ಬೆಳಗಿನ 8ಕ್ಕೆ ಯಾರೂ ಬರುವುದಿಲ್ಲ.

ಮೊದಲ ವರ್ಷ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಮೂರು ಕಣ್ಣು, ಹನ್ನೆರಡು ಕೈ, ಹಸಿರು ರಕ್ತ. ಓದಿ ನೋಡಿದರೆ ನನಗೆ ಗೊತ್ತಿದ್ದ ಪ್ರಾಣಿಗಳನ್ನೇ ಬಿಚ್ಚಿ ಮತ್ತೆ ಹೊಲಿದಿದ್ದೆ. ಆ ದಿನಗಳಲ್ಲೇ ಮಗನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವನು ತನ್ನ ಹೆಸರು ಕೂಗಿದ. ಏಳು ಸಲ ತಿರುಗಿ ಬಂತು. "ಅಪ್ಪಾ, ಆ ಕಡೆ ಯಾರೋ ಅದಾರ" ಎಂದ. ನಾನು ಇಲ್ಲ ಎನ್ನಬೇಕೆಂದವನು ಸುಮ್ಮನಾದೆ. ನಾನು ಬರೆದಿದ್ದ ಜೀವಿಗಳೆಲ್ಲ ಆ ಕಡೆಯಿಂದ ತಿರುಗಿ ಬಂದ ನನ್ನದೇ ದನಿ ಎಂದು ಅಲ್ಲೇ ನಿಂತು ತಿಳಿಯಿತು.

ಆಮೇಲೆ ಕಾಕಾ ಹೇಳಿದ ಕಡೆಯಿಂದ ಶುರು ಮಾಡಿದೆ. ರೂಪ ಬೇಡ, ಮೊದಲು ಊಟ. ಇಲ್ಲಿ ಬೆಳಕು ಎಷ್ಟಿದೆ, ಯಾವ ಬಣ್ಣದ್ದು? ಪ್ರಾಕ್ಸಿಮಾ ಎಂಬ ಆ ಹತ್ತಿರದ ನಕ್ಷತ್ರ ಮಂಕು ಕೆಂಪು. ಅದನ್ನು 11 ದಿನಕ್ಕೊಮ್ಮೆ ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ಅಷ್ಟು ಸಮೀಪದ ಗ್ರಹ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ, ತನ್ನ ನಕ್ಷತ್ರಕ್ಕೆ ಸದಾ ಒಂದೇ ಮುಖ ಕೊಟ್ಟಿರುವ ಸಾಧ್ಯತೆ ಹೆಚ್ಚು. ಒಂದು ಬದಿಗೆ ಮುಗಿಯದ ಹಗಲು, ಇನ್ನೊಂದು ಬದಿಗೆ ಮುಗಿಯದ ರಾತ್ರಿ, ನಡುವೆ ಕದಲದ ಮುಸ್ಸಂಜೆಯ ಒಂದು ಪಟ್ಟಿ. ಅಂಥ ಮಂಕು ಬೆಳಕನ್ನು ಪೂರಾ ಹೀರಲು ಗಿಡಗಳು ಕಪ್ಪಗೆ ಇರಬಹುದು ಎಂದು ವಿಜ್ಞಾನಿಗಳು ಊಹಿಸಿದ್ದಾರೆ. ನನ್ನ ಪೈಲಟ್‌ಳ ಪಟ್ಟಿಯಲ್ಲಿ ನಿಂತ ಮೊದಲ ಜೀವಿ ಆ ಮುಸ್ಸಂಜೆಯದು: ಎರೆಮಣ್ಣಿನ ಬಣ್ಣದ ಹಾಸು, ಒಂದೇ ದಿಕ್ಕಿಗೆ ಬಾಗಿದ ಎಲೆಗಳು. ಹೊತ್ತು ಮುಳುಗುವುದೇ ಇಲ್ಲವಾದ್ದರಿಂದ ಅದು ಎಂದೂ ತಿರುಗುವ ಕಷ್ಟ ತಗೊಂಡಿಲ್ಲ. ಈ ಒಂದು ಜೀವಿಯನ್ನು ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಇವತ್ತಿಗೂ ಅದು ನನಗೆ ಪ್ರೀತಿಯದು.

ನಾನು ಹುಟ್ಟಿದ್ದು 1977ರಲ್ಲಿ. ಆ ವರ್ಷ ಕಾಣದ ಲೋಕಗಳ ವಿಷಯದಲ್ಲಿ ಎಂಥ ಸುಗ್ಗಿ ಎಂಬುದು ಓದುತ್ತ ಹೋದಂತೆ ಗೊತ್ತಾಯಿತು. ಫೆಬ್ರವರಿಯಲ್ಲಿ ಆಲ್ವಿನ್ ಎಂಬ ಸಣ್ಣ ಮುಳುಗುನೌಕೆ ಗಲಾಪಗೋಸ್ ಹತ್ತಿರ ಸುಮಾರು 2,500 ಮೀಟರ್ ಆಳಕ್ಕೆ ಇಳಿಯಿತು. ಹೋದವರು ಭೂವಿಜ್ಞಾನಿಗಳು. ಸಮುದ್ರತಳದಲ್ಲಿ ಬಿಸಿನೀರು ಉಕ್ಕುವುದನ್ನು ಹುಡುಕಲು ಹೋಗಿದ್ದರು. ಸೂರ್ಯನ ಬೆಳಕೇ ತಲುಪದ ಆ ಕತ್ತಲೆಯಲ್ಲಿ ಅವರಿಗೆ ಕಂಡದ್ದು ಜಾತ್ರೆ: ದೊಡ್ಡ ದೊಡ್ಡ ಚಿಪ್ಪುಜೀವಿಗಳು, ಏಡಿಗಳು, ಬಿಳಿ ಕೊಳವೆಗಳಿಂದ ಕೆಂಪು ತಲೆ ಹೊರಚಾಚಿದ ಉದ್ದುದ್ದ ಹುಳಗಳು. ಆ ಯಾತ್ರೆಯಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಕಂಡದ್ದಕ್ಕೆ ತಮ್ಮ ಮನೆಯ ಹೆಸರುಗಳನ್ನೇ ಇಟ್ಟರು. ಬಂಡೆಯ ಮೇಲೆ ಎಳೆಎಳೆಯಾಗಿ ಬಿದ್ದಿದ್ದ ಒಂದು ಹುಳಕ್ಕೆ ಅವರು ಇಟ್ಟ ಅಡ್ಡಹೆಸರು ಸ್ಪಗೆಟ್ಟಿ. ನಮ್ಮವರು ಇಳಿದಿದ್ದರೆ ಶ್ಯಾವಿಗಿ ಹುಳ ಎನ್ನುತ್ತಿದ್ದರು, ಮತ್ತು ಅದೇ ಸರಿಯಾಗಿರುತ್ತಿತ್ತು. ಕಾಣದ್ದನ್ನು ಕಂಡಾಗ ಕೈಗೆ ಮೊದಲು ಸಿಗುವುದು ಅಡಿಗೆಮನೆಯೇ.

ಆ ಕೊಳವೆಹುಳಕ್ಕೆ ಬಾಯಿ ಇಲ್ಲ, ಹೊಟ್ಟೆ ಇಲ್ಲ. "ಏನ್ ತಿಂತೈತಿ?" ಎಂಬ ಪ್ರಶ್ನೆ ಅದರ ಮುಂದೆ ಸೋತು ನಿಂತಿತ್ತು. ಮೆರೆಡಿತ್ ಜೋನ್ಸ್ ಎಂಬ ತಜ್ಞರು ಅದನ್ನು ಕೊಯ್ದು ವರ್ಷಗಟ್ಟಲೆ ನೋಡಿದರು. ಒಂದು ಉಪನ್ಯಾಸದಲ್ಲಿ, ಅದರ ಮೈಯೊಳಗೆ ಗಂಧಕದ ಹರಳುಗಳು ಸಿಕ್ಕಿವೆ ಎಂದರು. ಕೇಳುತ್ತ ಕೂತಿದ್ದ ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, ಹಾಗಾದರೆ ಒಳಗೆ ಗಂಧಕದಿಂದ ಬದುಕುವ ಬ್ಯಾಕ್ಟೀರಿಯಾ ಇರಬೇಕು, ಅವೇ ಹುಳಕ್ಕೆ ಉಣ್ಣಿಸುತ್ತವೆ ಎಂದಳು. 1981ರಲ್ಲಿ ಅದು ಪ್ರಕಟವಾಯಿತು, ನಿಜವೂ ಆಯಿತು. ಹುಳವನ್ನು ಎಲ್ಲರಿಗಿಂತ ಹೆಚ್ಚು ನೋಡಿದವರು ಒಬ್ಬರು, ಅದರ ಊಟ ಕಂಡವಳು ಇನ್ನೊಬ್ಬಳು. ಈ ಪ್ರಸಂಗ ಓದಿದ ರಾತ್ರಿ ನನಗೆ ಕಾಕಾ ಬಹಳ ನೆನಪಾದರು.

ಅದೇ 1977ರಲ್ಲಿ ಸೈಮನ್ ಕಾನ್ವೇ ಮಾರಿಸ್ ಎಂಬ ಪಳೆಯುಳಿಕೆ ತಜ್ಞರು ಕೆನಡಾದ ಕಲ್ಲಿನಲ್ಲಿದ್ದ, 50 ಕೋಟಿ ವರ್ಷ ಹಳೆಯ, ಬೆರಳುದ್ದವೂ ಇಲ್ಲದ ಒಂದು ಜೀವಿಗೆ ಹ್ಯಾಲುಸಿಜೀನಿಯ ಎಂದು ಹೆಸರಿಟ್ಟರು. ಭ್ರಮೆಯಲ್ಲಿ ಕಂಡಂಥದ್ದು ಎಂಬ ಅರ್ಥ. ಚೂಪು ಮುಳ್ಳುಗಳ ಮೇಲೆ ನಡೆಯುತ್ತದೆ, ಬೆನ್ನ ಮೇಲೆ ಮೆತ್ತನೆಯ ಬಳ್ಳಿಗಳಿವೆ ಎಂದು ವಿವರಿಸಿದರು. 1991ರಲ್ಲಿ, ಚೀನಾದಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ನೋಡಿದ ಬೇರೆಯವರು ಅದನ್ನು ತಿರುವಿ ನಿಲ್ಲಿಸಿದರು. ಬಳ್ಳಿಗಳೇ ಕಾಲು, ಮುಳ್ಳು ಬೆನ್ನಿನ ಕಾವಲು. 2015ರಲ್ಲಿ ಇನ್ನೊಂದು ಗೊತ್ತಾಯಿತು: ತಲೆ ಎಂದುಕೊಂಡಿದ್ದ ಕಪ್ಪು ಗುರುತು ತಲೆಯೇ ಅಲ್ಲ, ನಿಜವಾದ ತಲೆ ಇನ್ನೊಂದು ತುದಿಗೆ, ಕಣ್ಣು ಹಲ್ಲು ಸಮೇತ. ಮೇಲುಕೆಳಗು ತಪ್ಪಿತ್ತು, ಹಿಂದುಮುಂದೂ ತಪ್ಪಿತ್ತು. ಮೊದಲು ನೋಡಿದವರು ಅಸಡ್ಡೆಯಿಂದ ನೋಡಿದ್ದರೆಂದು ನಾನು ಹೇಳುವುದಿಲ್ಲ. ಒಂದು ಜೊತೆ ಕಣ್ಣಿಗೆ ಕಾಣುವುದು ಅಷ್ಟೇ. ಯಾರ್ಡಿನ ದೀಪದ ಸುತ್ತ ಗಿರಕಿ ಹೊಡೆಯುತ್ತಿದ್ದ ಆ ಪತಂಗಗಳ ಹಾಗೆ ನಾವೂ ಒಂದು ಬೆಳಕನ್ನು ಮೇಲು ಎಂದು ಹಿಡಿದುಕೊಂಡು ಹಾರುತ್ತೇವೆ.

ಮತ್ತೆ ಅದೇ ವರ್ಷದ ಆಗಸ್ಟ್, ಸೆಪ್ಟೆಂಬರಿನಲ್ಲಿ ಎರಡು ವಾಯೇಜರ್ ನೌಕೆಗಳು ಹೊರಟವು. ಅವುಗಳಲ್ಲಿರುವ, ದನಿ ಮುದ್ರಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ನಮಸ್ಕಾರವಿದೆ, ಕನ್ನಡದ್ದೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ನಮ್ಮ ನಾಲ್ಕು ಶಬ್ದ ಸೂರ್ಯನ ಗಾಳಿಯ ಗಡಿ ದಾಟಿ ಹೋಗಿವೆ ಎಂಬುದು ನನಗೆ ಹೆಮ್ಮೆ. ಆದರೆ ಕರೆಂಟಿನ ಕೆಲಸದವನಾಗಿ ನನ್ನ ಎದೆ ತಟ್ಟಿದ್ದು ಬೇರೆ. ಹೊರಟಾಗ ವಾಯೇಜರಿನ ಒಟ್ಟು ವಿದ್ಯುತ್ ಸುಮಾರು 470 ವಾಟ್. ನಮ್ಮ ರೈತರ 5 ಹೆಚ್‌ಪಿ ಪಂಪ್‌ಸೆಟ್ಟಿಗೆ ಬೇಕಾಗುವುದರಲ್ಲಿ ಎಂಟನೆಯ ಒಂದು ಪಾಲು. ಪ್ಲುಟೋನಿಯಂ ತಣ್ಣಗಾಗುತ್ತ ವರ್ಷಕ್ಕೆ ಸುಮಾರು 4 ವಾಟ್ ಕಳೆದುಹೋಗುತ್ತದೆ. ಹಾಗಾಗಿ ಭೂಮಿಯಲ್ಲಿ ಕೂತವರು ಅಲ್ಲಿ ಲೋಡ್‌ಶೆಡ್ಡಿಂಗ್ ಮಾಡುತ್ತ ಬಂದಿದ್ದಾರೆ. ವಾಯೇಜರ್ 1ರ ಕ್ಯಾಮೆರಾ 1990ರ ಫೆಬ್ರವರಿಯಲ್ಲಿ ಗ್ರಹಗಳ ಕೊನೆಯ ಚಿತ್ರಗಳನ್ನು ತೆಗೆದು ಕಣ್ಣು ಮುಚ್ಚಿತು. ಹೀಟರುಗಳು ಹೋದವು. 2025ರ ಆರಂಭದಲ್ಲಿ ಎರಡೂ ನೌಕೆಗಳಲ್ಲಿ ಇನ್ನೊಂದೊಂದು ಉಪಕರಣ ಆರಿಸಿದರು. ಯಾವ ಫೀಡರ್ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಸಂಕಟ ನನಗೆ ಗೊತ್ತು. ಅವರು ಕೊನೆಯ ತನಕ ಉಳಿಸಿಕೊಂಡು ಬಂದದ್ದು ರೇಡಿಯೊ. 20 ವಾಟಿನ ಆಸುಪಾಸಿನದು, ಹಳೆಯ ಟ್ಯೂಬ್‌ಲೈಟಿನ ಅರ್ಧ. ವಾಯೇಜರ್ 1ರ ಆ ದನಿ ನಮಗೆ ಮುಟ್ಟಲು 23 ಗಂಟೆಗೂ ಹೆಚ್ಚು ಹೊತ್ತು ಬೇಕು. ಆದರೂ ಇಲ್ಲಿ ಯಾರೋ ಕೂತು ಅದನ್ನು ಬರೆದುಕೊಳ್ಳುತ್ತಾರೆ. ಜನವಿಲ್ಲದ ಆ ನೌಕೆಗೂ ಪಾಳಿಯ ಚಾರ್ಜ್ ತಗೊಳ್ಳುವವರಿದ್ದಾರೆ.

ಕಾಕಾ ನಿವೃತ್ತರಾಗಿ ವರ್ಷಗಳಾದವು. ಸ್ಟೇಷನ್ನಿನಲ್ಲಿ ಈಗ ರೀಡಿಂಗುಗಳು ತಾವಾಗಿಯೇ ಮೇಲಿನ ಕಂಪ್ಯೂಟರಿಗೆ ಹೋಗುತ್ತವೆ. ಯಾರ್ಡಿಗೆ ಎಲ್‌ಇಡಿ ಬಂದಿದೆ, ಹುಳ ಕಡಿಮೆ. ಹುಳಗಳಿಗೆ ಅದು ಒಳ್ಳೆಯದೇ. ಕಳೆದ ಚೈತ್ರದಲ್ಲಿ ಕತೆಯ ಹಸ್ತಪ್ರತಿ ಕೈಚೀಲಕ್ಕೆ ಹಾಕಿಕೊಂಡು ಅವರ ಊರಿಗೆ ಹೋದೆ. ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ಕೂತಿದ್ದರು. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ. ನಾನೇ ಓದಿ ಹೇಳಿದೆ. ಮುಸ್ಸಂಜೆಯ ಕಪ್ಪು ಹಾಸನ್ನು ಕೇಳಿ, "ಬೀಜ ಹೆಂಗ ಬಿಡತೈತಿ?" ಎಂದರು. ನಾನು ಬರೆದಿರಲಿಲ್ಲ. ಗುರುತು ಹಾಕಿಕೊಂಡೆ. ಹಿಮದ ಕೆಳಗಿನ ಕಡಲಿನ ಕಣ್ಣಿಲ್ಲದ ಜೀವಿಗಳಿಗೆ "ಹ್ಞೂಂ" ಎಂದರು.

ಒಂಬತ್ತನೆಯ ಗ್ರಹಕ್ಕೆ ಬಂದೆವು. ಅಲ್ಲಿ ಬತ್ತಿದ ಒಂದು ಕೆರೆ. ಅದರ ತಳದ ತುಂಬ ಬೋಗುಣಿ ಬೋರಲು ಹಾಕಿದಂಥ ಬೂದು ಬಣ್ಣದ ಗಟ್ಟಿ ಬಿಲ್ಲೆಗಳು, ಲಕ್ಷಾಂತರ. ಪೈಲಟ್ 40 ದಿನ ಅಲ್ಲಿದ್ದು ಅಳೆಯುತ್ತಾಳೆ. ಸುತ್ತಲಿನ ಮಣ್ಣಿಗೂ ಅವಕ್ಕೂ ಬಿಸಿಯಲ್ಲಿ ವ್ಯತ್ಯಾಸವಿಲ್ಲ. ಗಾಳಿ ಒಳಗೆ ಹೋಗುವುದಿಲ್ಲ, ಹೊರಗೆ ಬರುವುದಿಲ್ಲ. ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಷರಾದಲ್ಲಿ "ನಿರ್ಜೀವ. ಹಿಂದೆ ಜೀವವಿದ್ದ ಗುರುತು" ಎಂದು ಬರೆದು ಹೊರಟುಹೋಗುತ್ತಾಳೆ. ಆ ಪುಟ ನನಗೆ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆ.

"ಏನ್ ತಿಂತಾವು?"

"ಏನೂ ಇಲ್ರಿ ಕಾಕಾ, ಸತ್ತಾವು."

"ಸತ್ತಾವು ಅಂತ ಯಾರ ಹೇಳಿದ್ರು?"

ನಾನು ಅಳತೆಗಳನ್ನು ಮತ್ತೊಮ್ಮೆ ಓದಿದೆ. ಅವರು ತಲೆ ಅಲ್ಲಾಡಿಸಿದರು.

"ಬ್ಯಾಸಿಗ್ಯಾಗ ಎರಿ ಬಿರೀತೈತಲ್ಲ, ಆಗ ನಮ್ಮ ಹೊಲದಾನ ಕಪ್ಪಿ ಎಲ್ಲಿರ್ತಾವ? ಒಂದರ ಕಾಣತಾವೇನು? ಮಳಿ ಬಿದ್ದ ರಾತ್ರಿ ಎಲ್ಲಿಂದ ಒದರತಾವ? ಅಕಿ ಎಷ್ಟ ದಿನ ಕುಂತಿದ್ಳು ಅಂದ್ರಿ?"

"ನಲವತ್ತ ದಿನಾರಿ."

"ಮಳಿ ಬಂತೇನು?"

"ಇಲ್ರಿ."

"ಹಂಗಾದ್ರ?"

ಬಸ್ಸಿನಲ್ಲಿ ತಿರುಗಿ ಬರುವಾಗ ಕಿಟಕಿಯಾಚೆ ಬಿರಿದ ಎರೆಯನ್ನೇ ನೋಡುತ್ತಿದ್ದೆ. ನನಗೆ ಇದು ಗೊತ್ತಿರಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪಾಚಿ ಬೆಳೆದ ಗೋಡೆಯಲ್ಲಿ ಹುಡುಕಿ ತೆಗೆದ ನೀರುಕರಡಿಯ ಬಗ್ಗೆ ಓದಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ನೀರು ಆರಿದರೆ ಅವುಗಳಲ್ಲಿ ಹಲವು ಮುದುಡಿ, ಉಸಿರು ಹಸಿವು ಎಲ್ಲವನ್ನೂ ನಿಲ್ಲಿಸಿ ವರ್ಷಗಟ್ಟಲೆ ಬಿದ್ದಿರಬಲ್ಲವು, ಹನಿ ಬಿದ್ದರೆ ಏಳಬಲ್ಲವು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಅವರ ಪ್ರಯೋಗಗಳಲ್ಲಿ ನೀರುಕರಡಿಗಳೂ ಇದ್ದವು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕಳಿಸಿದ ಹೆಸರುಕಾಳು, ಮೆಂತ್ಯವೂ ಇದ್ದವು. ಆ ಕಾಳುಗಳು ಅಲ್ಲಿ ನೀರು ಕಂಡು ಮೊಳಕೆ ಒಡೆದವು. ನೀರು ಕಾಣುವ ಮುಂಚೆ ಅವನ್ನು ನನ್ನ ಪೈಲಟ್ ಅಳೆದಿದ್ದರೆ ಏನು ಬರೆಯುತ್ತಿದ್ದಳು ಎಂದು ನನಗೆ ಗೊತ್ತು.

ಮನೆಗೆ ಬಂದು ಆ ಪುಟ ತೆಗೆದೆ. "ನಿರ್ಜೀವ" ಎಂಬುದನ್ನು ಹೊಡೆದು ಹಾಕಲಿಲ್ಲ. ಆಕೆ ಬರೆದದ್ದು ಆಕೆಯದು. ಪಕ್ಕದಲ್ಲಿ ಕಾಕಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಾರೀಖು ಹಾಕಿದೆ. ಕತೆಯ ಲೆಕ್ಕದಲ್ಲಿ ಆಕೆ ಆ ಕೆರೆ ಬಿಟ್ಟು ನಾಲ್ಕು ತಿಂಗಳಾಗಿದೆ, ಮುಂದಿನ ನಕ್ಷತ್ರದ ದಾರಿಯಲ್ಲಿದ್ದಾಳೆ. ತಿರುಗಿ ಹೋಗಿ ಮಳೆಗಾಲದ ತನಕ ಕಾದು ಕೂರಲು ಇಂಧನ ಸಾಲುತ್ತದೆಯೇ, ಯಾವ ಯಾವ ದೀಪ ಆರಿಸಿದರೆ ಸಾಲುತ್ತದೆ ಎಂದು ಈ ವಾರದ ರಾತ್ರಿ ಪಾಳಿಗಳಲ್ಲಿ ಕೂತು ಲೆಕ್ಕ ಹಾಕುತ್ತಿದ್ದೇನೆ.